ಮೆಮೊರಿ ಚಿಪ್‌ನೊಳಗೇ ಲೆಕ್ಕ: ಮೂರು ಸಾಲು ಒಟ್ಟಿಗೆ ತೆರೆದರೆ ಏನಾಗುತ್ತದೆ?

ಈ ವಿಷಯ ಓದಲು ಕೂತಾಗ ನನ್ನ ತಲೆ ಕೆಡಿಸಿದ್ದು ಹೆಸರು. ‘ಪ್ರೊಸೆಸಿಂಗ್ ಇನ್ ಮೆಮೊರಿ’ ಎಂಬ ಒಂದೇ ಹೆಸರಿನಡಿ ಎರಡು ಸಂಗತಿಗಳಿವೆ. ಒಂದು, ಮೆಮೊರಿ ಚಿಪ್‌ನಲ್ಲೇ ಸಣ್ಣ ಪ್ರೊಸೆಸರ್ ಕೂರಿಸುವುದು. ಇನ್ನೊಂದು, ಪ್ರೊಸೆಸರ್ ಇಲ್ಲದೆ ಮೆಮೊರಿಯ ಕೋಶಗಳಿಂದಲೇ ಲೆಕ್ಕ ಮಾಡಿಸುವುದು. ಇವೆರಡನ್ನು ಬೇರೆ ಮಾಡಿಕೊಂಡು ಓದಿದರೆ ಮುಂದಿನದು ಸಲೀಸು.

ಮೊದಲು, ಇದು ಬೇಕೇ ಯಾಕೆ? 45 ನ್ಯಾನೊಮೀಟರ್ ಚಿಪ್‌ಗಳ ಬಗ್ಗೆ ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಅಂದಾಜು ನೋಡಿ. 32 ಬಿಟ್‌ನ ಎರಡು ಪೂರ್ಣಾಂಕ ಕೂಡಲು ಸುಮಾರು 0.1 ಪಿಕೊಜೌಲ್ ಶಕ್ತಿ ಸಾಕು. ಡಿ-ರ‍್ಯಾಮ್‌ಗೆ (ಕಂಪ್ಯೂಟರಿನ ಮುಖ್ಯ ಮೆಮೊರಿಗೆ) ಒಂದು ಸಲ ಹೋಗಿಬರಲು 1,300ರಿಂದ 2,600 ಪಿಕೊಜೌಲ್ ಬೇಕು. ಮೂಗಿಗಿಂತ ಮೂಗುತಿ ಭಾರ! ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ಈ ಇಕ್ಕಟ್ಟಿಗೆ ಗಣಕ ವಿಜ್ಞಾನಿ ಜಾನ್ ಬ್ಯಾಕಸ್ 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ‘ವಾನ್ ನಾಯ್ಮನ್ ಬಾಟಲ್‌ನೆಕ್’ ಎಂದು ಹೆಸರಿಟ್ಟರು.

ಮೊದಲ ದಾರಿ ಸರಳ, ಆದ್ದರಿಂದ ಬೇಗ ಮುಗಿಸುತ್ತೇನೆ. ಫ್ರಾನ್ಸಿನ ಅಪ್‌ಮೆಮ್ ಕಂಪನಿಯ ಚಿಪ್‌ನಲ್ಲಿ ಪ್ರತಿ 64 ಮೆಗಾಬೈಟ್ ಮೆಮೊರಿಗೆ ಒಂದು ಪುಟ್ಟ ಪ್ರೊಸೆಸರ್ ಇದೆ. 2021ರಲ್ಲಿ ಸ್ಯಾಮ್‌ಸಂಗ್ ತನ್ನ ಅತಿವೇಗದ ಎಚ್‌ಬಿಎಂ ಮೆಮೊರಿಯೊಳಗೆ ಲೆಕ್ಕದ ಘಟಕಗಳನ್ನು ಸೇರಿಸಿ ತೋರಿಸಿತು. ತೊಡಕೂ ಇದೆ: ಮೆಮೊರಿ ಕಾರ್ಖಾನೆಯ ಟ್ರಾನ್ಸಿಸ್ಟರ್ ಚಾರ್ಜ್ ಸೋರದಂತೆ ಮಾಡಿದ್ದು, ಓಟಕ್ಕಲ್ಲ. ಹಾಗಾಗಿ ಅಲ್ಲಿ ಹುಟ್ಟಿದ ಪ್ರೊಸೆಸರ್ ನಿಧಾನ. ಅಪ್‌ಮೆಮ್‌ನ ಪುಟ್ಟ ಪ್ರೊಸೆಸರ್‌ಗಳಿಗೆ ದಶಾಂಶ ಗುಣಾಕಾರ ಮಾಡುವ ಹಾರ್ಡ್‌ವೇರ್ ಇಲ್ಲ, ಸಾಫ್ಟ್‌ವೇರ್‌ನಲ್ಲೇ ಮಾಡಬೇಕು. ಒಂದಕ್ಕೊಂದು ನೇರವಾಗಿ ಮಾತಾಡಲೂ ಬರುವುದಿಲ್ಲ.

ನನಗೆ ನಿಜಕ್ಕೂ ಹಿಡಿಸಿದ್ದು ಎರಡನೆಯದು. ಇದಕ್ಕೆ ಡಿ-ರ‍್ಯಾಮ್ ಓದುವ ಬಗೆ ಗೊತ್ತಿರಬೇಕು. ಒಂದು ಬಿಟ್ ಎಂದರೆ ಒಂದು ಟ್ರಾನ್ಸಿಸ್ಟರ್, ಒಂದು ಕೆಪ್ಯಾಸಿಟರ್; ಇದೇ ಒಂದು ಕೋಶ. ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಇದ್ದರೆ 1, ಇಲ್ಲದಿದ್ದರೆ 0. ಓದುವ ಮುನ್ನ ಬಿಟ್‌ಲೈನ್ ಎಂಬ ತಂತಿಯನ್ನು ಅರ್ಧ ವೋಲ್ಟೇಜಿನಲ್ಲಿ ನಿಲ್ಲಿಸಿರುತ್ತಾರೆ. ಕೋಶಗಳ ಸಾಲೊಂದನ್ನು ತೆರೆದಾಗ ಪ್ರತಿ ಕೋಶ ತನ್ನ ತಂತಿಗೆ ತಾಗಿ, ವೋಲ್ಟೇಜ್ ಅರ್ಧಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೋ ಕೆಳಗೋ ಸರಿಯುತ್ತದೆ. ಸೆನ್ಸ್ ಆಂಪ್ಲಿಫೈಯರ್ ಅದನ್ನು ಗಮನಿಸಿ ಪೂರ್ತಿ 1ಕ್ಕೋ ಪೂರ್ತಿ 0ಗೋ ತಳ್ಳುತ್ತದೆ.

ಈಗ ಒಂದರ ಬದಲು ಮೂರು ಸಾಲುಗಳನ್ನು ಒಟ್ಟಿಗೆ ತೆರೆಯಿರಿ. ಒಂದೇ ತಂತಿಗೆ ಮೂರು ಕೋಶ. ಎರಡರಲ್ಲಾದರೂ ಚಾರ್ಜ್ ಇದ್ದರೆ ತಂತಿ ಮೇಲಕ್ಕೆ, ಇಲ್ಲದಿದ್ದರೆ ಕೆಳಕ್ಕೆ. ಅಂದರೆ ಬಹುಮತಕ್ಕೆ ಗೆಲುವು. ಮೂರನೆಯ ಸಾಲಿನಲ್ಲಿ ನಾವೇ ಬೇಕೆಂದು ಎಲ್ಲ ಕಡೆ 0 ಬರೆದಿಟ್ಟಿದ್ದರೆ, ಉಳಿದೆರಡೂ 1 ಆದಾಗ ಮಾತ್ರ ಉತ್ತರ 1. ಇದು ಆ್ಯಂಡ್. ಎಲ್ಲ ಕಡೆ 1 ಬರೆದಿಟ್ಟಿದ್ದರೆ, ಎರಡರಲ್ಲಿ ಒಂದು 1 ಇದ್ದರೂ ಸಾಕು. ಇದು ಆರ್.

ಉದಾಹರಣೆಗೆ ಎ ಸಾಲು 11001010, ಬಿ ಸಾಲು 10100110 ಎಂದುಕೊಳ್ಳಿ. ಮೂರನೆಯದು ಪೂರ್ತಿ 0 ಆದರೆ ಉತ್ತರ 10000010, ಪೂರ್ತಿ 1 ಆದರೆ 11101110. ಇಲ್ಲಿ ನಾನು ಬರೆದಿದ್ದು ಎಂಟೇ ಬಿಟ್. ಎಂಟು ಚಿಪ್‌ಗಳ ಮಾಮೂಲಿ ಡಿಡಿಆರ್4 ಮಾಡ್ಯೂಲಿನಲ್ಲಿ ಒಂದು ಸಾಲು 8 ಕಿಲೊಬೈಟ್, ಅಂದರೆ 65,536 ಬಿಟ್. ಅಷ್ಟೂ ಒಂದೇ ಏಟಿಗೆ! ಅದೇ ದತ್ತಾಂಶ ಪ್ರೊಸೆಸರ್‌ಗೆ ಹೋಗಬೇಕೆಂದರೆ 64 ಬಿಟ್ ಅಗಲದ ಬಾಗಿಲಲ್ಲಿ ಕಂತುಕಂತಾಗಿ ನುಸುಳಬೇಕು. 2017ರಲ್ಲಿ ಪ್ರಕಟವಾದ ‘ಆ್ಯಂಬಿಟ್’ ವಿನ್ಯಾಸದ ತಿರುಳು ಇದೇ. 1 ಅನ್ನು 0, 0 ಅನ್ನು 1 ಮಾಡುವ ನಾಟ್ ಕ್ರಿಯೆಗೆ ಅದರ ವಿನ್ಯಾಸಕರು ಸೆನ್ಸ್ ಆಂಪ್ಲಿಫೈಯರ್‌ನ ಇನ್ನೊಂದು ಬದಿ ಬಳಸಿಕೊಂಡರು, ಅಲ್ಲಿ ಯಾವಾಗಲೂ ತಿರುವುಮುರುವು ಬೆಲೆ ಇರುತ್ತದೆ.

ಪರೀಕ್ಷೆಯಲ್ಲಿ ನಾವು ಎಡವುವುದು ಮುಂದಿನ ವಿವರಗಳಲ್ಲಿ. ಮೂರು ಸಾಲು ತೆರೆದ ಮೇಲೆ ಮೂರರಲ್ಲೂ ಉತ್ತರವೇ ಉಳಿಯುತ್ತದೆ, ಮೂಲ ದತ್ತಾಂಶ ಅಳಿದುಹೋಗುತ್ತದೆ. ಅದಕ್ಕೇ ಮೊದಲು ಬೇರೆ ಸಾಲುಗಳಿಗೆ ನಕಲು ಮಾಡಿಕೊಳ್ಳಬೇಕು. ಮೂರೂ ಸಾಲುಗಳು ಒಂದೇ ಬಿಟ್‌ಲೈನ್ ಹಂಚಿಕೊಂಡಿರಬೇಕು, ಚಿಪ್‌ನ ಎಲ್ಲೋ ಒಂದು ಮೂಲೆಯಲ್ಲಿದ್ದರೆ ನಡೆಯದು. ಇನ್ನೊಂದು ನನಗೆ ತಡವಾಗಿ ಹೊಳೆಯಿತು: ಸರ್ವರ್ ಮೆಮೊರಿಯಲ್ಲಿ ತಪ್ಪು ತಿದ್ದುವ ಹೆಚ್ಚುವರಿ ಬಿಟ್‌ಗಳಿರುತ್ತವಲ್ಲ, ಅವುಗಳ ಮೇಲೂ ಆ್ಯಂಡ್ ಮಾಡಿದರೆ ಹೊಸ ಉತ್ತರಕ್ಕೆ ಸರಿಯಾದ ತಿದ್ದುಬಿಟ್‌ಗಳು ಸಿಗುವುದಿಲ್ಲ. ಆ ಸಂಕೇತಗಳು, ಎರಡರಲ್ಲಿ ಒಂದು ಮಾತ್ರ 1 ಆದಾಗ 1 ಕೊಡುವ ಎಕ್ಸ್-ಆರ್‌ಗೆ ಒಗ್ಗುತ್ತವೆ, ಆ್ಯಂಡ್‌ಗೆ ಒಗ್ಗುವುದಿಲ್ಲ.

ಕೂಡುವುದು ಹೇಗೆ? ಎರಡು ಬಿಟ್ ಮತ್ತು ಹಿಂದಿನ ಸ್ಥಾನದಿಂದ ಬಂದ ದಶಕ (ಕ್ಯಾರಿ), ಈ ಮೂರರಲ್ಲಿ ಎರಡಾದರೂ 1 ಇದ್ದರೆ ಹೊಸ ದಶಕ 1. ಅಂದರೆ ದಶಕವೂ ಬಹುಮತವೇ! ಆದರೆ ಬಿಟ್‌ಗಳು ಪಕ್ಕದ ತಂತಿಗೆ ದಾಟಲಾರವು, ಆದ್ದರಿಂದ ಸಂಖ್ಯೆಗಳನ್ನು ಅಡ್ಡಲಾಗಿ ಅಲ್ಲ, ಉದ್ದಕ್ಕೆ, ಒಂದು ಬಿಟ್ ಕೆಳಗೆ ಇನ್ನೊಂದು ಬರುವಂತೆ ಬರೆದಿಡಬೇಕು. ಒಂದು ಕೂಡಿಕೆಗೆ ಹಂತಗಳು ಬಹಳ, ಆದರೆ ಸಾವಿರಾರು ಕೂಡಿಕೆ ಒಟ್ಟಿಗೆ ಮುಗಿಯುತ್ತವೆ.

ಮೆಮ್ರಿಸ್ಟರ್ (ತನ್ನ ರೋಧವನ್ನು ನೆನಪಿಟ್ಟುಕೊಳ್ಳುವ ಬಿಡಿಭಾಗ) ಜಾಲರಿಯೂ ಈ ಎರಡನೆಯ ದಾರಿಯದೇ, ಆದರೆ ಬಹುಮತ ಬಿಟ್ಟು ಓಮ್‌ನ ನಿಯಮ ಹಿಡಿಯುತ್ತದೆ: ವೋಲ್ಟೇಜನ್ನು ವಾಹಕತೆಯಿಂದ ಗುಣಿಸಿದರೆ ಕರೆಂಟ್, ಒಂದು ಕಂಬಸಾಲಿನ ಕರೆಂಟ್‌ಗಳು ತಾವಾಗಿ ಕೂಡಿಕೊಳ್ಳುತ್ತವೆ. ಉತ್ತರವನ್ನು ಮತ್ತೆ ಅಂಕಿಗೆ ಇಳಿಸುವ ಪರಿವರ್ತಕವೇ ಜಾಗ, ವಿದ್ಯುತ್ ಎರಡನ್ನೂ ನುಂಗುತ್ತದೆ.

ಯಾವ ಕೆಲಸಕ್ಕೆ ಇದು ಹೊಂದುತ್ತದೆ ಎಂದು ಕೇಳಿದರೆ ನಾನು ನೋಡುವುದು ಒಂದನ್ನೇ: ತಂದ ಒಂದು ಸಂಖ್ಯೆಯನ್ನು ಎಷ್ಟು ಸಲ ಬಳಸುತ್ತೇವೆ? ದೊಡ್ಡ ಮ್ಯಾಟ್ರಿಕ್ಸ್‌ಗಳ ಗುಣಾಕಾರದಲ್ಲಿ ಒಂದೇ ಸಂಖ್ಯೆ ನೂರಾರು ಸಲ ಬಳಕೆಯಾಗುತ್ತದೆ, ಅದಕ್ಕೆ ಪ್ರೊಸೆಸರ್ ಪಕ್ಕದ ಪುಟ್ಟ ಮೆಮೊರಿಯಾದ ಕ್ಯಾಶ್ ಸಾಕು. ಮ್ಯಾಟ್ರಿಕ್ಸನ್ನು ಒಂದೇ ವೆಕ್ಟರ್‌ನಿಂದ ಗುಣಿಸುವಾಗ ಮ್ಯಾಟ್ರಿಕ್ಸಿನ ಪ್ರತಿ ಸಂಖ್ಯೆಗೂ ಕೆಲಸ ಒಂದೇ ಸಲ, ಇದು ಹೊಂದುವುದು ಅಲ್ಲೇ. ಭಾಷಾ ಮಾದರಿಯೊಂದು ಒಬ್ಬ ಬಳಕೆದಾರನಿಗೆ ಪದದ ನಂತರ ಪದ ಉತ್ತರಿಸುವಾಗ ಬಹುಪಾಲು ನಡೆಯುವುದು ಈ ಎರಡನೆಯ ಬಗೆಯ ಲೆಕ್ಕ.