ವಿಲನ್ ನೆನಪಿರುತ್ತಾನೆ, ಹೀರೋ ಯಾಕೆ ಮರೆತುಹೋಗುತ್ತಾನೆ?

ಪ್ರಶ್ನೆ: ಹಳೆಯ ಕಾದಂಬರಿಗಳಲ್ಲಿ ನಾಯಕನಿಗಿಂತ ಖಳನಾಯಕನೇ ಜಾಸ್ತಿ ನೆನಪಿರುತ್ತಾನೆ. ನಮ್ಮೊಳಗೂ ಕೆಟ್ಟತನ ಇರುವುದರಿಂದ ತಾನೇ?

ಮತ್ತೆ ಬಂತು! ಪ್ರಶ್ನೆಯ ಬಾಲಕ್ಕೆ ಉತ್ತರವನ್ನೂ ಕಟ್ಟಿಯೇ ಕಳಿಸುತ್ತಾರೆ. ಮೊದಲ ಅರ್ಧಕ್ಕೆ ನನ್ನ ಉತ್ತರ ಚಿಕ್ಕದು. ವಿಲನ್‌ಗೆ ಏನೋ ಬೇಕು, ಅದರಿಂದಲೇ ಕಥೆ ಶುರು. ಹೀರೋ ಅದನ್ನು ತಪ್ಪಿಸಲು ಓಡಾಡುತ್ತಾನೆ, ಅಷ್ಟೆ.

ಎರಡನೇ ಅರ್ಧವನ್ನು ಮಾತ್ರ ಸುಮ್ನೆ ಬಿಡುವ ಹಾಗಿಲ್ಲ. ಕೆಟ್ಟತನಕ್ಕೇ ಆ ಸೆಳೆತ ಇದ್ದಿದ್ದರೆ ಹೆಚ್ಚು ಕೆಟ್ಟವನು ಹೆಚ್ಚು ನೆನಪಿರಬೇಕಿತ್ತು, ಅಲ್ವಾ? ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ ನೋಡಿ. ಅಪ್ಪನ ಆಸ್ತಿಗಾಗಿ ಅನಾಥ ಹುಡುಗ ಆಲಿವರ್‌ನನ್ನು ಹಾಳು ಮಾಡಲು ಸಂಚು ಹೂಡುವವನು ಮಾಂಕ್ಸ್, ಅದೇ ಅಪ್ಪನ ಇನ್ನೊಬ್ಬ ಮಗ. ಪುಸ್ತಕ ಓದಿದವರಿಗೂ ಆ ಹೆಸರು ತಟ್ಟನೆ ಬಾಯಿಗೆ ಬರುವುದಿಲ್ಲ. ಬರುವುದು ಫೇಗಿನ್, ಹುಡುಗರನ್ನು ಸಾಕಿಕೊಂಡು ಕಳ್ಳತನ ಮಾಡಿಸುವ ಮುದುಕ. ಅವನು ಮೊದಲು ಕಾಣಿಸುವುದೇ ಒಲೆಯ ಮುಂದೆ ಸಾಸೇಜ್ ಹುರಿಯುತ್ತಾ. ಮರುದಿನ ಜೇಬುಗಳಲ್ಲಿ ನಶ್ಯದ ಡಬ್ಬಿ, ಗಡಿಯಾರ, ಕರ್ಚೀಫು ತುಂಬಿಕೊಂಡು ಕೋಣೆಯಲ್ಲಿ ಅತ್ತಿತ್ತ ಓಡಾಡುತ್ತಾನೆ. ಹುಡುಗರು ಹಿಂದೆಯೇ ಬಂದು ಒಂದೊಂದಾಗಿ ಎಗರಿಸುತ್ತಾರೆ. ಇದು ಜೇಬುಗಳ್ಳತನದ ಪಾಠ ಅಂತ ಆಲಿವರ್‌ಗೆ ಗೊತ್ತಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾನೆ. ಗೊತ್ತಿದ್ದೂ ನಾವೂ ನಗುತ್ತೇವೆ. ಮಾಂಕ್ಸ್‌ಗೆ ಡಿಕನ್ಸ್ ಇಂಥ ಒಂದು ಗಳಿಗೆಯನ್ನೂ ಕೊಡಲಿಲ್ಲ. ಪಾಪ, ಹಲ್ಲು ಕಡಿಯುವುದು, ಶಾಪ ಹಾಕುವುದು, ಇಷ್ಟರಲ್ಲೇ ಅವನ ಕಥೆ ಮುಗಿಯಿತು.

ನೆನಪಿರುವುದು ಕೆಟ್ಟತನವಲ್ಲ, ಕೆಟ್ಟವನ ಕೈ ಮಾಡುತ್ತಿರುವ ಕೆಲಸ. ರಕ್ತ ಹೀರುವ ಕೌಂಟ್ ಡ್ರಾಕುಲಾನ ಕಥೆ ‘ಡ್ರಾಕುಲಾ’ (1897) ಬಹುಪಾಲು ಬೇರೆಯವರ ಡೈರಿ, ಪತ್ರಗಳಲ್ಲೇ ನಡೆಯುತ್ತದೆ. ಅವನ ಕೋಟೆಯಲ್ಲಿ ನಡೆಯುವ ಮೊದಲ ಭಾಗ ಮುಗಿದ ಮೇಲೆ ಡ್ರಾಕುಲಾ ಎದುರಿಗೆ ಬರುವುದೇ ಅಪರೂಪ. ಆದರೂ ಅವನು ಹಲ್ಲಿಯಂತೆ ತಲೆಕೆಳಗಾಗಿ ಗೋಡೆ ಇಳಿದದ್ದು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ಇಷ್ಟವಾದದ್ದು ಬೇರೆ. ಆಳುಕಾಳಿಲ್ಲದ ಆ ಕೋಟೆಯಲ್ಲಿ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಕೌಂಟ್ ಸಾಹೇಬರು ತಾವೇ ಅತಿಥಿಯ ಹಾಸಿಗೆ ಸರಿಮಾಡುತ್ತಾರೆ!

ಹಾಗಾದರೆ ಸಪ್ಪೆ ಹೀರೋ ಲೇಖಕನ ತಪ್ಪಾ? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ‘ಟ್ರೆಷರ್ ಐಲ್ಯಾಂಡ್’ (1883) ಕಥೆಯನ್ನು ಹೆಚ್ಚಾಗಿ ಹೇಳುವವನು ಜಿಮ್ ಎಂಬ ಹುಡುಗ. ಒಂಟಿಕಾಲಿನ ಕಡಲ್ಗಳ್ಳ ಸಿಲ್ವರ್‌ನನ್ನು ನಾವು ನೋಡುವುದು ಅವನ ಕಣ್ಣಿನಿಂದ. ಕಿಟಕಿಯೇ ಬಣ್ಣಬಣ್ಣವಾಗಿದ್ದರೆ ಹೊರಗಿನದು ಹೇಗೆ ಕಾಣಬೇಕು? ಕೊನೆಗೆ ಸಿಲ್ವರ್ ಒಂದು ಚೀಲ ನಾಣ್ಯ ಹೊತ್ತು ಪರಾರಿಯಾಗುತ್ತಾನೆ. ನಿಧಿ ಗೆದ್ದ ಜಿಮ್ ಮನೆ ಸೇರುತ್ತಾನೆ. ಆದರೆ ಕೆಟ್ಟ ಕನಸಿನಿಂದ ಬೆಚ್ಚಿ ಎದ್ದಾಗ ಅವನ ಕಿವಿಯಲ್ಲಿ ಇನ್ನೂ ಕೂಗುತ್ತಿರುವುದು ಸಿಲ್ವರ್‌ನ ಗಿಳಿ.