ಶಾವರಿನ್ಯಾಗ ತಣ್ಣೀರು ಜೋರ, ಬಿಸಿನೀರು ಬರಂಗಿಲ್ಲ, ಪಂಪ್ ಹಾಕ್ಸಬೇಕೇನ್ರಿ?

ಪ್ರಶ್ನೆ: ನಮ್ದು ವಿಜಯಪುರ. ಮಾಳಗಿ ಮ್ಯಾಲ ಸಿಂಟೆಕ್ಸ್ ಐತಿ, ಬಾಜೂಕ ಸೋಲಾರ್ ಐತಿ. ಬಿಸಿನೀರು ಒಂದ ಬಿಟ್ರ ಬರ್ತೈತಿ, ತಣ್ಣೀರು ಕೂಡ್ಸಿದ್ ಕೂಡ್ಲೆ ಬರೇ ತಣ್ಣೀರ. ಪ್ಲಂಬರ್ ಪ್ರೆಶರ್ ಪಂಪ್ ಹಾಕ್ಸ್ರಿ ಅಂತಾನ. ಹಾಕ್ಸಲೇನ್ರಿ?

ಉತ್ತರ: ಈಗ ಬ್ಯಾಡ್ರಿ. ತಣ್ಣೀರ ಲೈನಿಗಷ್ಟ ಪಂಪ್ ಹಾಕಿದ್ರ ತ್ರಾಸ ಇನ್ನೂ ಹೆಚ್ಚಾಗ್ತೈತಿ, ಸೋಲಾರ್ ಕಡೆ ಹಾಕಿದ್ರ ಟ್ಯಾಂಕ ಒಡದೀತು, ಯಾಕಂದ್ರ ಮನಿ ಮ್ಯಾಲಿನ ಬಹಳಷ್ಟು ಸೋಲಾರ್ ಟ್ಯಾಂಕ್ ಪ್ರೆಶರ್ ತಡ್ಕೊಳ್ಳೋ ಹಂಗ ಮಾಡಿರಂಗಿಲ್ಲ.

ಮಿಕ್ಸರ್ ಒಳಗ ಎರಡೂ ನೀರು ಕೂಡ್ತಾವು, ಜೋರ್ ಇದ್ದದ್ದು ಸಣ್ಣಗ ಬರೋದನ್ನ ಹಿಂದಕ್ಕ ದಬ್ತೈತಿ. ಪಂಪಿಲ್ಲದ ಮನ್ಯಾಗ ಪ್ರೆಶರ್ ಅಂದ್ರ ನೀರಿನ ಎತ್ತರ, ಅಷ್ಟ. 10 ಮೀಟರಿಗೆ ಸುಮಾರು 1 ಬಾರ್ (ಪ್ರೆಶರ್ ಅಳಿಯೋ ಮಾಪ), ಅಂದ್ರ ಶಾವರಿಗಿಂತ 3 ಮೀಟರ್ ಮ್ಯಾಲೆ ನೀರಿದ್ರ ನಿಮಗ ಸಿಗೋದು 0.3 ಬಾರ್. ಇಷ್ಟ ಕಡಿಮಿ ಇರೋವಾಗ 1 ಮೀಟರ್ ಫರಕ್ ಬಿದ್ರೂ ಬಿಸಿನೀರು ಸೋಲ್ತೈತಿ.

ಅದಕ್ಕ ಮೊದಲ ಮಾಳಗಿ ಹತ್ತಿ, ಸೋಲಾರಿಗೆ ನೀರು ಎಲ್ಲಿಂದ ಬರ್ತೈತಿ ನೋಡ್ರಿ. ಕೆಲವು ಕಡೆ ಸೋಲಾರಿಗೆ ತಗ್ಗಿನ್ಯಾಗ ಬ್ಯಾರೆ ಸಣ್ಣ ಟ್ಯಾಂಕ್ ಇಟ್ಟಿರ್ತಾರ, ಬಾತ್‌ರೂಮಿನ ತಣ್ಣೀರು ಮಾತ್ರ ಎತ್ತರದ ಸಿಂಟೆಕ್ಸಿಂದ ಬರ್ತೈತಿ, ರೋಗ ಇರೋದ ಅಲ್ಲಿ. ಬೆಳಗಾವಿಯೊಳಗ 24 ತಾಸು ನೀರಿನ ಲೈನ್ ಇರೋ ಮನ್ಯಾಗ ತಣ್ಣೀರು ಸೀದಾ ನಳದಿಂದ ಮಿಕ್ಸರಿಗೆ ಕೊಟ್ಟಿದ್ರೂ ಹಿಂಗ ಆಗ್ತೈತಿ. ಶಾವರಿನ ಎರಡೂ ನೀರು ಒಂದ ಟ್ಯಾಂಕಿನ ಮಟ್ಟದಿಂದ ಬರೋ ಹಂಗ ಮಾಡ್ಸ್ರಿ, ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸ ಅಲ್ಲೇ ಮುಗೀತೈತಿ.

ಖಾತ್ರಿ ಮಾಡ್ಕೊಳ್ಳಾಕ ಸುಲಭ ದಾರಿ ಐತಿ. ಬಿಸಿನೀರು ಬಿಟ್ಟು ಮಿಕ್ಸರ್ ಹತ್ರ ಬಿಸಿನೀರಿನ ಪೈಪ್ ಮುಟ್ರಿ, ಬೆಚ್ಚಗಾಗಿರ್ತೈತಿ, ಈಗ ತಣ್ಣೀರು ಪೂರಾ ತಿರುವ್ರಿ, ಅದ ಪೈಪ್ ಕೈಯಾಗ ತಣ್ಣಗಾಗಾಕ ಹತ್ತಿದ್ರ ತಣ್ಣೀರು ಅದರೊಳಗ ಹಿಂದಕ್ಕ ಹೊಂಟೈತಿ ಅಂತ ತಿಳೀರಿ. ಮ್ಯಾಲೆ ಸೋಲಾರಿನ ಏರ್ ವೆಂಟ್ ಪೈಪಿಂದ (ಹವಾ ಹೊರಗ ಹೋಗಾಕ ಇಟ್ಟ ಪೈಪ್) ನೀರು ಸೋರಾಕತ್ತಿದ್ರೂ ಅದರ ಗುರ್ತ ಇರಬಹುದು. ಆ ಪೈಪ್ ಎಂದೂ ಬಂದ್ ಮಾಡಬ್ಯಾಡ್ರಿ, ಅದರ ಬಾಯಿ ಸೋಲಾರಿಗೆ ನೀರು ಕೊಡೋ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮ್ಯಾಲ ಇರಬೇಕು. ನಮ್ಮೂರಾಗ ಆದಿಲ್‌ಶಾಹಿ ಕಾಲದ ಗಂಜ್ ಅದಾವಲ್ರಿ, ನೀರಿನ ಕೊಳವಿ ದಾರಿಗುಂಟ ಕಟ್ಟಿದ ಗೋಪುರ, ಕೊಳವಿಯೊಳಗಿನ ಒತ್ತಡ ಇಳಸಾಕ ಅಂತ ಕಟ್ಟಿದ್ದವು, ಎಷ್ಟು ಶಾಣ್ಯಾ ಕೆಲಸ ನೋಡ್ರಿ.

ಎತ್ತರ ಸರಿ ಇದ್ದೂ ಬಿಸಿನೀರು ಸಣ್ಣಗ ಬಂದ್ರ ನಮ್ಮ ಬೋರ್ ನೀರಿನ ಮ್ಯಾಲ ಅನುಮಾನ ಪಡ್ರಿ. ಗಡಸು ನೀರು ಕಾದಾಗ ಸುಣ್ಣ ಬಿಡ್ತೈತಿ, ಅದಕ್ಕ ಬಿಸಿನೀರಿನ ಲೈನ ಮೊದಲ ಕಟ್ಟೋದು. ಮಿಕ್ಸರ್ ಬಿಚ್ಚಿ ಜಾಳಗಿ ತೊಳೀರಿ, ಶಾವರ್ ತಲಿ ವಿನೆಗರ್‌ನ್ಯಾಗ ನೆನಸ್ರಿ.

ತಾತ್ಪೂರ್ತಿಕ ಅಂದ್ರ ತಣ್ಣೀರಿನ ಆಂಗಲ್ ಕಾಕ್ (ಲೈನ್ ಬಂದ್ ಮಾಡೋ ಸಣ್ಣ ವಾಲ್ವ್) ಸ್ವಲ್ಪ ಸ್ವಲ್ಪ ಬಂದ್ ಮಾಡ್ಕೋತ ಎರಡೂ ಹೊಂದಸ್ರಿ. ಬಿಸಿನೀರಿನ ಲೈನಿಗೆ ಎನ್‌ಆರ್‌ವಿ (ನೀರು ಒಂದ ದಿಕ್ಕಿಗೆ ಬಿಡೋ ವಾಲ್ವ್) ಹಾಕ್ಸಿದ್ರ ಹಿಂದಕ್ಕ ಹೋಗೋದು ನಿಲ್ತೈತಿ, ಖರೆ ಸ್ಪ್ರಿಂಗ್ ಗಟ್ಟಿ ಇರೋದು ತರಬ್ಯಾಡ್ರಿ, ಇದ್ದ ಪ್ರೆಶರೂ ಅದ ತಿಂತೈತಿ.

ಪಂಪ್ ಬೇಕ ಬೇಕು ಅಂದ್ರ ಪ್ರೆಶರ್ ತಡಿಯೋ ಸೋಲಾರ್ ಇಲ್ಲಾ ಕರೆಂಟ್ ಗೀಸರ್ ಇರಬೇಕು, ಅದರ ಲೇಬಲ್ ಮ್ಯಾಲ ಎಷ್ಟು ಬಾರ್ ಬರದಾರ ಓದಿ, ಅದಕ್ಕಿಂತ ಕಡಿಮಿ ಪ್ರೆಶರಿನ ಪಂಪ್ ತಗೊಂಡು, ಬಿಸಿ-ತಣ್ಣೀರು ಕವಲಾಗೋದಕ್ಕಿಂತ ಮೊದಲ ಕೂಡ್ಸ್ರಿ.