ನಲವತ್ತರ ಮೇಲೆ ಕಲಿಯಲು ಹೊರಟವರು ಕೈಬಿಡುವುದೇಕೆ?

ನಲವತ್ತು ದಾಟಿದವರು ಹೊಸ ಭಾಷೆಯನ್ನೋ ಸಂಗೀತವನ್ನೋ ಹಿಡಿದು ಎರಡು ತಿಂಗಳಲ್ಲಿ ಬಿಟ್ಟರೆ, ‘ವಯಸ್ಸಾಯ್ತಲ್ಲ’ ಅನ್ನುತ್ತಾರೆ. ಎಷ್ಟೋ ಸಲ ಐಬು ಇರುವುದು ಕಲಿಯುವ ಕ್ರಮದಲ್ಲಿ.

ಕಲಿಕೆ ಬಿಡದ 22 ವಯಸ್ಕರನ್ನು ಮಾತಾಡಿಸಿದ ಅಮೆರಿಕದ ಶಿಕ್ಷಣತಜ್ಞ ಸಿರಿಲ್ ಹೌಲ್ 1961ರಲ್ಲಿ ಮೂರು ಬಗೆಯವರನ್ನು ಗುರುತಿಸಿದರು: ಬಡ್ತಿಯಂಥ ಗುರಿ ಇಟ್ಟುಕೊಂಡವರು, ಒಡನಾಟಕ್ಕೆ ತರಗತಿಗೆ ಬರುವವರು, ತಿಳಿಯುವ ಹಂಬಲದವರು. ಯಾವುದೂ ಕೀಳಲ್ಲ. ಆದರೆ ಬರೀ ಲಾಭದ ಆಸೆ ಕೈಕೊಡಬಹುದು. ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಬಿಡಿಸಿದ ಒಂದೊಂದು ಒಗಟಿಗೂ ಒಂದು ಡಾಲರ್ ಕೊಟ್ಟರು. ಹಣ ನಿಂತ ಮೇಲೆ ಅವರು ಬಿಡುವಿನಲ್ಲಿ ಒಗಟು ಮುಟ್ಟುವುದೇ ಕಡಿಮೆಯಾಯಿತು. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಹೇಳಿದ್ದಿಷ್ಟು: ಇದು ನನ್ನ ಆಯ್ಕೆ, ಇದು ನನಗೆ ಬರುತ್ತಿದೆ, ಜೊತೆಗೆ ನನ್ನವರಿದ್ದಾರೆ ಅನ್ನಿಸಿದರೆ ಹುಮ್ಮಸ್ಸು ಉಳಿಯುತ್ತದೆ.

ಹೆಚ್ಚಿನವರು ಎಡವುವುದು ‘ಬರುತ್ತಿದೆ’ ಅನ್ನುವಲ್ಲಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದಾಗ, ಪಾಠ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಅವರನ್ನು ಹಿಂದಿಕ್ಕಿದರು. ಬರೀ ಓದುವವರಿಗೆ ಇವತ್ತು ಎಲ್ಲ ಬಂದಂತೆ ಅನ್ನಿಸುತ್ತದೆ, ವಾರ ಬಿಟ್ಟು ನೋಡಿದರೆ ಮರೆತಿರುತ್ತದೆ. ಆಗ ಬೈಗುಳ ಬೀಳುವುದು ಪಾಪ ವಯಸ್ಸಿಗೆ.

ಕನ್ನಡಿಗರೊಬ್ಬರು ತಮಿಳು ಲಿಪಿ ಕಲಿಯುತ್ತಾರೆ ಎನ್ನಿ. ಸ್ವರ 12, ವ್ಯಂಜನ 18. ದಿನಕ್ಕೆ ಐದೇ ಅಕ್ಷರ, ಇಪ್ಪತ್ತು ನಿಮಿಷ ಸಾಕು. ನೋಡಿ ಬರೆದು, ಹಾಳೆ ಮಡಚಿ, ನೆನಪಿನಿಂದ ಬರೆಯಿರಿ. ಮರುದಿನ, ಮೂರನೇ ದಿನ, ವಾರದ ಕೊನೆಗೆ ಅವನ್ನೇ ಹಿಂದುಮುಂದು ಮಾಡಿ ಬರೆಯಿರಿ; ಒಂದೇ ವರಸೆಯಲ್ಲಿ ಬರೆದರೆ ವರಸೆಯಷ್ಟೇ ಬಾಯಿಗೆ ಬರುತ್ತದೆ. ತಪ್ಪಿದ್ದಕ್ಕೆ ಮಾತ್ರ ಚುಕ್ಕೆ ಇಡಿ. ಪೂರ್ತಿ ಲಿಪಿ ಮುಗಿಯಲೆಂದು ಕಾಯದೆ ಅಂಗಡಿ, ಬಸ್ಸಿನ ಬೋರ್ಡು ಓದಲು ತೊಡಗಿ. ಅಲ್ಲೊಂದು ತೊಡಕು ಬರುತ್ತದೆ: ‘ತಂಗಂ’ ಎಂದು ಹೇಳುವ ಪದದಲ್ಲಿ ಬರೆದಿರುವುದು ಕಕಾರ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಅನುನಾಸಿಕದ ನಂತರ ಅದನ್ನು ಗ ಎಂದು ಓದಬೇಕು. ಇದು ಗೊತ್ತಿಲ್ಲದವರು ತಮ್ಮ ನೆನಪನ್ನೇ ಅನುಮಾನಿಸುತ್ತಾರೆ.

ನಡುವೆ ನಾಲ್ಕು ದಿನ ತಪ್ಪಿದರೆ ಮೊದಲ ಪುಟದಿಂದ ಶುರು ಮಾಡಬೇಡಿ. ಗೊತ್ತಿದ್ದನ್ನೇ ಮತ್ತೆ ಬರೆದು ಬೇಸರ ಬರುತ್ತದೆ. ಚುಕ್ಕೆ ಇಟ್ಟ ಅಕ್ಷರಗಳನ್ನಷ್ಟೇ ತೀಡಿ, ಮುಂದಿನ ಐದಕ್ಕೆ ಹೋಗಿ.